ರೋಗ ನಡೆದು ಬರುವ ದಾರಿ

ದೀಪಾವಳಿ ಬಂತೆಂದರೆ ಹಾನಗಲ್, ಹಿರೇಕೆರೂರು ಸೀಮೆಯ ಹುಡುಗರಿಗೆ ಊಟ, ನಿದ್ದೆ ಎರಡೂ ಬೇಡ. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಧೂಳೆಬ್ಬಿಸಿ ಓಡುವುದನ್ನು ನೋಡಬೇಕು, ಅದರ ಹೆಸರು ಹಿಡಿದು ಕೂಗಬೇಕು. ಶಿಗ್ಗಾವಿ, ಸವಣೂರು ಕಡೆಯ ರೈತರಿಗೂ ದನವೆಂದರೆ ಬರೀ ಆಸ್ತಿಯಲ್ಲ, ಮನೆಯ ಮಗ.

ಇಂಥ ಸೀಮೆಯ ಕೊಟ್ಟಿಗೆಗಳಲ್ಲಿ 2022ರ ಕೊನೆಯ ತಿಂಗಳುಗಳಲ್ಲಿ ಕಳವಳ ತುಂಬಿತ್ತು. ಬೆಳಿಗ್ಗೆ ಹುಲ್ಲು ಹಾಕಲು ಹೋದವರಿಗೆ ಆಕಳ ಮೈಮೇಲೆ ಗಂಟುಗಳು ಕಾಣತೊಡಗಿದವು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಕಾಲು ಬಾತಿತ್ತು, ಹಾಲು ಇಳಿದಿತ್ತು. ಅದು ಚರ್ಮಗಂಟು ರೋಗ. ಹಾವೇರಿ ಜಿಲ್ಲೆ ಆ ವರ್ಷ ರಾಜ್ಯದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ದನದ ಸಂತೆಗೆ, ಜಾತ್ರೆಗೆ, ಊರಿಂದೂರಿಗೆ ದನ ಸಾಗಿಸುವುದಕ್ಕೆ ತಡೆ ಬಿತ್ತು.

‘ಹಿಂದೆ ಇಲ್ಲದ ಬ್ಯಾನಿ ಈಗ ಎಲ್ಲಿಂದ ಬಂತು?’ ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ಶಾಲೆಯ ಮಕ್ಕಳೂ ಕೇಳಬೇಕಾದ ಪ್ರಶ್ನೆ. ಏಕೆಂದರೆ ಯಾವ ರೋಗವೂ ಆಕಾಶದಿಂದ ಉದುರುವುದಿಲ್ಲ. ಅದಕ್ಕೊಂದು ಮನೆಯಿರುತ್ತದೆ, ಹೊರಟು ಬರಲು ಒಂದು ದಾರಿ ಇರುತ್ತದೆ, ಕೂತು ಬರಲು ಒಂದು ವಾಹನ ಇರುತ್ತದೆ. ಈ ಮೂರನ್ನೂ ತಿಳಿದವರು ರೋಗವನ್ನು ಬಾಗಿಲಲ್ಲೇ ತಡೆಯಬಲ್ಲರು.

ಮನುಷ್ಯನಿಗೆ ಬರುವ ಸಾಂಕ್ರಾಮಿಕ ರೋಗಗಳಲ್ಲಿ ಸುಮಾರು ಶೇಕಡಾ 60ರಷ್ಟು ಪ್ರಾಣಿಗಳಿಗೂ ಮನುಷ್ಯರಿಗೂ ನಂಟಿರುವಂಥವು ಎಂಬುದು ವಿಜ್ಞಾನಿಗಳ ಲೆಕ್ಕ. ಹೊಸದಾಗಿ ತಲೆಯೆತ್ತುವ ರೋಗಗಳಲ್ಲಂತೂ ಈ ಪಾಲು ಶೇಕಡಾ 75ರಷ್ಟು. ಇದರ ಅತ್ಯಂತ ಸ್ಪಷ್ಟವಾದ ಉದಾಹರಣೆ ಹುಡುಕಲು ಆಫ್ರಿಕಾಕ್ಕೋ ಅಮೆಜಾನಿಗೋ ಹೋಗಬೇಕಿಲ್ಲ. ನಕಾಶೆಯಲ್ಲಿ ಹಾನಗಲ್ಲಿನಿಂದ ದಕ್ಷಿಣಕ್ಕೆ ಬೆರಳು ಇಳಿಸಿದರೆ ಸಾಕು. ಅಲ್ಲೇ ಸೊರಬ ತಾಲ್ಲೂಕು. ಹಿರೇಕೆರೂರಿನ ಕೆಳಗೆ ಶಿಕಾರಿಪುರ. ವರದೆ ಹರಿದು ಬರುವುದೂ ಆ ದಿಕ್ಕಿನಿಂದಲೇ. ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಇಂದು ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿಹೋಗಿದೆ. ಅದೇ ಕ್ಯಾಸನೂರು.

ಮಂಗಗಳು ಹೇಳಿದ ಸುದ್ದಿ

1957ರ ಬೇಸಿಗೆ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕಪ್ಪು ಮೋರೆಯ ಮುಸಿಯ ಹೆಚ್ಚು, ಕೆಂಪು ಮೋರೆಯ ಕೋತಿಯೂ ಉಂಟು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಒಮ್ಮೆಲೇ ಏರುವ ಜ್ವರ, ಹಣೆ ಸಿಡಿಯುವಂಥ ತಲೆನೋವು, ಕೀಲು ಕೀಲುಗಳಲ್ಲಿ ನೋವು, ಕೆಂಪಾದ ಕಣ್ಣು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅಲ್ಲಿನವರ ಎದೆ ಧಸಕ್ಕೆಂದಿತು. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಹೀಗೆ ಸಾಯುವುದು ಹಳದಿ ಜ್ವರದಿಂದ. ಭಾರತದಲ್ಲಿ ಎಂದೂ ಕಾಣದ ಆ ಜ್ವರ ಇಲ್ಲಿಗೂ ಬಂತೇ? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಸೊರಬದ ದಾರಿ ಹಿಡಿದರು. ಮಂಗಗಳಿಂದ, ರೋಗಿಗಳಿಂದ ತೆಗೆದ ಮಾದರಿಗಳಲ್ಲಿ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ, ಆದರೆ ಬೇರೆಯೇ ಒಂದು ಹೊಸ ವೈರಸ್.

ರಷ್ಯಾದ ನಂಟೆಲ್ಲಿ, ಸೊರಬವೆಲ್ಲಿ? ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳ ಮೇಲೆ ಅನುಮಾನ ಬಿತ್ತು. ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಅವುಗಳ ಜಾಡು ಹಿಡಿಯುವ ಕೆಲಸವನ್ನು ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೆತ್ತಿಕೊಂಡಿತು. ಹಕ್ಕಿಗಳ ಬಗ್ಗೆ ಹೊಸ ತಿಳಿವಳಿಕೆ ರಾಶಿಯಾಗಿ ಬಂತು; ಅವೇ ಈ ರೋಗ ತಂದವೆಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ವೈರಸ್ ಬಹುಕಾಲದಿಂದ ಕಾಡಿನಲ್ಲೇ ಸದ್ದಿಲ್ಲದೆ ಇದ್ದಿರಬೇಕು ಎಂಬ ಅಭಿಪ್ರಾಯ ಬಲವಾಯಿತು.

ಹಾಗಿದ್ದರೆ ಅದು 1957ರಲ್ಲೇ ಏಕೆ ಎದ್ದಿತು?

ದನ ತುಳಿದ ಹಾದಿ

ಉತ್ತರ ಸಿಕ್ಕಿದ್ದು ಉಣ್ಣೆಯ ಬದುಕಿನಲ್ಲಿ. ಮಲೆನಾಡಿನವರು ಉಣುಗು ಎನ್ನುವ ಈ ಪುಟ್ಟ ಜೀವಿಗೆ ಬಾಳಿನಲ್ಲಿ ಮೂರು ಘಟ್ಟ, ಒಂದೊಂದು ಘಟ್ಟದಲ್ಲೂ ಒಂದು ಹೊಟ್ಟೆತುಂಬ ರಕ್ತದೂಟ. ಮೊಟ್ಟೆಯೊಡೆದು ಬಂದ ಮರಿ ಇಲಿ, ಮೂಗಿಲಿ, ಅಳಿಲು, ನೆಲದ ಹಕ್ಕಿಗಳನ್ನು ಹತ್ತುತ್ತದೆ, ಸಿಕ್ಕರೆ ಮಂಗವನ್ನೂ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಅದು ಉಣ್ಣೆಯ ಮೈ ಸೇರುತ್ತದೆ. ಉಣ್ಣೆ ಕೆಳಗೆ ಬಿದ್ದು, ಪೊರೆ ಕಳಚಿ, ಎರಡನೆಯ ಘಟ್ಟಕ್ಕೆ ಬಂದರೂ ವೈರಸ್ ಅದರೊಳಗೇ ಇರುತ್ತದೆ. ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಈ ಎಳೆಯ ಉಣ್ಣೆಯೇ ಮನುಷ್ಯನನ್ನು ಕಚ್ಚುವುದು. ಇದರ ಕಾಲ ಡಿಸೆಂಬರಿನಿಂದ ಮೇ ತನಕ. ಊರವರು ಸೌದೆಗೆ, ಒಣ ಎಲೆಗೆ ಕಾಡು ಹೊಗುವುದೂ ಅದೇ ಕಾಲದಲ್ಲಿ!

ಮೂರನೆಯ ಘಟ್ಟದಲ್ಲಿ, ಮಳೆಗಾಲಕ್ಕೆ ಬೆಳೆದು ನಿಂತ ಉಣ್ಣೆಗೆ ಬೇಕಾದದ್ದು ದೊಡ್ಡ ಮೈ. ಹಿಂದೆ ಅದು ಕಾಡುಕೋಣ, ಕಡವೆಗಳಿಗೆ ಕಾಯಬೇಕಿತ್ತು, ಸಿಗದಿದ್ದರೆ ಸಾಯಬೇಕಿತ್ತು. ಆದರೆ ಕಾಡಂಚಿನಲ್ಲಿ ಊರು ಬೆಳೆಯಿತು. ಮರ ಕಡಿದು ಗದ್ದೆ ಮಾಡಿದರು. ನಿತ್ಯವೂ ನೂರಾರು ದನ ಮೇಯಲು ಕಾಡಿಗೆ ನಡೆದವು. ಕಾಯುತ್ತಿದ್ದ ಉಣ್ಣೆಗೆ ಮನೆ ಬಾಗಿಲಿಗೇ ಎಲೆ ಹಾಕಿ ಬಡಿಸಿದಂತಾಯಿತು. ಹೊಟ್ಟೆ ತುಂಬಿದ ಒಂದೊಂದು ಹೆಣ್ಣುಣ್ಣೆಯೂ ರಾಶಿ ರಾಶಿ ಮೊಟ್ಟೆಯಿಟ್ಟಿತು. ಜೋರ್ಜ್ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಇದನ್ನೇ ವಿವರಿಸಿದರು: ಜನ ಹೆಚ್ಚಿದಂತೆ ಕಾಡಿನ ಮೈ ಬದಲಾಯಿತು, ದನ ಹೆಚ್ಚಿದಂತೆ ಉಣ್ಣೆ ಹೆಚ್ಚಿತು, ಉಣ್ಣೆ ಹೆಚ್ಚಿದಂತೆ ಅಡಗಿದ್ದ ವೈರಸ್ ಹೊರಗೆ ಬಂತು.

ಇಲ್ಲೊಂದು ವಿಚಿತ್ರ ಗಮನಿಸಬೇಕು. ದನಕ್ಕೆ ಈ ರೋಗ ಬರುವುದಿಲ್ಲ. ಮೇದು, ಮೆಲುಕು ಹಾಕುತ್ತ ಆರಾಮಾಗಿ ಮನೆಗೆ ಬರುತ್ತದೆ. ರೋಗ ಬರುವುದು ಮಂಗಕ್ಕೆ, ಮನುಷ್ಯನಿಗೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಹೆಣ ತಣ್ಣಗಾಗುತ್ತಲೇ ಇಳಿದು ಸುತ್ತಲ ನೆಲದಲ್ಲಿ ಹರಡಿಕೊಳ್ಳುತ್ತವೆ. ಹಾಗಾಗಿ ಮಂಗ ಸತ್ತ ಜಾಗವೇ ಅಪಾಯದ ಜಾಗ. ‘ಮಂಗನ ಕಾಯಿಲೆ’ ಎಂದು ಹೆಸರಿಟ್ಟು ಮಂಗನನ್ನು ಬೈಯುವವರಿದ್ದಾರೆ. ನಿಜವಾಗಿ ಮಂಗ ಅಪರಾಧಿಯಲ್ಲ. ಎಲ್ಲರಿಗಿಂತ ಮೊದಲು ಪ್ರಾಣ ಕೊಟ್ಟು ಎಚ್ಚರಿಸುವ ಡಂಗುರದವನು.

ಇನ್ನೊಂದು ಮಾತು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯ ಮನೆಗೆ ಹೋಗದಿರುವುದು, ಅವರ ಮಕ್ಕಳನ್ನು ಬೇರೆ ಬೆಂಚಿನಲ್ಲಿ ಕೂರಿಸುವುದು ಬರೀ ಅಜ್ಞಾನ. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದನ್ನೇ ಗುರಿಯಿಟ್ಟು ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. 1990ರಿಂದ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಆ ಬಳಿಕ ಶುರುವಾಗಿದೆ.

ಮತ್ತೆ ಮತ್ತೆ ಅದೇ ಪಾಠ

ಕ್ಯಾಸನೂರಿನ ಪಾಠ ಅಲ್ಲಿಗೇ ಮುಗಿಯಲಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ ಗೇರು ತೋಟಕ್ಕೆಂದು ಕಾಡನ್ನು ಬೋಳು ಮಾಡಿದ ಬೆನ್ನಿಗೇ ರೋಗ ಎದ್ದು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದವು.

ಹೊರಗಿನ ಜಗತ್ತಿನಲ್ಲೂ ಇದೇ ಕಥೆ. 1998ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕುವವರು ಕೊಟ್ಟಿಗೆಗಳ ಪಕ್ಕದಲ್ಲೇ ಹಣ್ಣಿನ ಮರ ಬೆಳೆಸಿದ್ದರು. ಬಾವಲಿ ತಿಂದು ಬಿಟ್ಟ ಹಣ್ಣು ಹಂದಿಯ ಬಾಯಿಗೆ ಬಿತ್ತು. ಬಾವಲಿಯಲ್ಲಿ ತಣ್ಣಗಿದ್ದ ನಿಪಾ ವೈರಸ್ ಹಂದಿಗೆ, ಹಂದಿಯಿಂದ ಸಾಕಿದವರಿಗೆ ದಾಟಿತು. ಸೊರಬದಲ್ಲಿ ದನ, ಮಲೇಷ್ಯಾದಲ್ಲಿ ಹಂದಿ. ಕಾಡಿಗೂ ಮನೆಗೂ ನಡುವೆ ಸೇತುವೆಯಾದದ್ದು ಎರಡೂ ಕಡೆ ಸಾಕಿದ ಪ್ರಾಣಿಯೇ.

ಹಾಗಾದರೆ ಸೊರಬದಿಂದ ವರದೆ ಹರಿದು ಬಂದಂತೆ ಮಂಗನ ಕಾಯಿಲೆ ಸವಣೂರಿನ ಬಯಲಿಗೂ ಸಲೀಸಾಗಿ ಏಕೆ ಹರಿದು ಬರಲಿಲ್ಲ? ಅದರ ವಾಹನ ನೀರಲ್ಲ, ಗಾಳಿಯಲ್ಲ. ತೇವವಿರುವ ಕಾಡಿನ ನೆಲ ಆ ಉಣ್ಣೆಗೆ ಬೇಕು. ಕಾಡು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಅದರ ಓಟವೂ ತಗ್ಗುತ್ತದೆ. ಹಾನಗಲ್ಲಿನ ದಕ್ಷಿಣದ ಅಂಚು, ಶಿಗ್ಗಾವಿಯಿಂದ ಮುಂಡಗೋಡಿಗೆ ಸಾಗುವ ಕಡೆ ಕಾಡು ಹತ್ತಿರ. ಅಲ್ಲಿ ದನ ಬಿಡುವವರಿಗೆ ಎಚ್ಚರ ಹೆಚ್ಚು ಬೇಕು. ಸವಣೂರಿನ ಎರೆಹೊಲಕ್ಕೆ ಆ ಭಯ ಕಡಿಮೆ.

ಚರ್ಮಗಂಟು ರೋಗದ ವಾಹನವೇ ಬೇರೆ. ಕಚ್ಚುವ ನೊಣ, ಸೊಳ್ಳೆಗಳು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಒಯ್ಯುತ್ತವೆ. ದೂರದೂರಿಗೆ ಒಯ್ಯುವುದು ಮನುಷ್ಯನ ಲಾರಿ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾಕ್ಕೆ ಬಂತು. ಸವಣೂರಿನ ದೊಡ್ಡಹುಣಸೆ ಮರಗಳ ತವರೂ ಆಫ್ರಿಕಾವೇ. ಮರ ಬೆಳೆದು ನೆರಳಾಯಿತು, ರೋಗ ಬಂದು ಕೊಟ್ಟಿಗೆ ಬರಿದು ಮಾಡಿತು. ಇದು ಮನುಷ್ಯರಿಗೆ ತಗುಲುವುದಿಲ್ಲ. ಆದರೆ ಒಂದು ಜೋಡಿ ಎತ್ತು ಸತ್ತರೆ ಆ ವರ್ಷದ ಬಿತ್ತನೆ, ಮಗಳ ಕಾಲೇಜಿನ ಫೀ ಎರಡೂ ಹೋದಂತೆಯೇ. ಮೈ ಬಿಸಿಯಾದ ಹೋರಿಯನ್ನು ‘ಸಂತೆಯಲ್ಲಿ ಹೋದಷ್ಟಕ್ಕೆ ಹೋಗಲಿ’ ಎಂದು ಹೊಡೆದುಕೊಂಡು ಹೋದವನು ತನ್ನ ನಷ್ಟವನ್ನು ಹತ್ತೂರಿಗೆ ಹಂಚಿ ಬಂದಂತಾಯಿತು.

ಮನೆಯಲ್ಲೇ ಇರುವ ದಾರಿ

ಇನ್ನೊಂದು ರೋಗಕ್ಕೆ ಕಾಡೂ ಬೇಡ, ಸಂತೆಯೂ ಬೇಡ. ಶಾಲೆಯ ದಾರಿಯಲ್ಲೇ ಅದು ಮಲಗಿರುತ್ತದೆ. ಅದು ಹುಚ್ಚುನಾಯಿ ರೋಗ, ರೇಬೀಸ್. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೇ ಇಲ್ಲ ಎನ್ನಬಹುದು. ಆದರೆ ಕಚ್ಚಿದ ಕೂಡಲೇ ಎಚ್ಚೆತ್ತರೆ ಸಾವನ್ನು ತಡೆಯಬಹುದು. ಅನುಮಾನದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡಾ 40ರಷ್ಟು ಹದಿನೈದು ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಚ್ಚಿದ್ದನ್ನು ಮಗು ಹೇಳಬೇಕಲ್ಲ? ತೊಂದರೆ ಇರುವುದು ಅಲ್ಲಿ. ‘ಎಲ್ಲಿ ಬಿದ್ದು ಬಂದಿ?’ ಎಂದು ಅಪ್ಪ ಕೇಳುತ್ತಾನೆ. ‘ಏನಿಲ್ಲಪ್ಪಾ, ಮುಳ್ಳು ತರಚೇತಿ’ ಎನ್ನುತ್ತಾನೆ ಹುಡುಗ. ನಾಯಿಮರಿಗೆ ಕಲ್ಲು ಹೊಡೆದದ್ದು ಗೊತ್ತಾದರೆ ಏಟು ಬೀಳುತ್ತದೆಂಬ ಭಯ. ಆ ಒಂದು ಸುಳ್ಳು ಪ್ರಾಣ ತೆಗೆಯಬಹುದು. ಆದ್ದರಿಂದ ತಂದೆ ತಾಯಂದಿರು ಮಕ್ಕಳಿಗೆ ಇಂದೇ ಹೇಳಿಬಿಡಬೇಕು: ನಾಯಿ ಕಚ್ಚಿದರೆ, ಬೆಕ್ಕು ಪರಚಿದರೆ, ತಪ್ಪು ಯಾರದೇ ಇರಲಿ, ಬೈಯುವುದಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಖಾರದಪುಡಿ, ಸುಣ್ಣ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದನ್ನು ತಪ್ಪದೆ ಹಾಕಿಸಬೇಕು.

ಸತ್ತ ಮಂಗ ಕಂಡರೂ ಇದೇ ನಿಯಮ: ಮುಟ್ಟಬಾರದು, ಮುಚ್ಚಿಡಬಾರದು. ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಪಶು ಆಸ್ಪತ್ರೆಗೋ ತಿಳಿಸಬೇಕು. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮೈಯನ್ನೂ ಬಟ್ಟೆಯನ್ನೂ ನೋಡಿಕೊಳ್ಳಬೇಕು. ದನಕ್ಕೆ ಗಂಟೆದ್ದರೆ ಅದನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ಹೇಳಬೇಕು.

ಇದೆಲ್ಲ ಮಾಡಿದರೆ ರೋಗ ಹೋದೀತೇ ಎಂದು ಕೇಳುವವರಿಗೆ ಅಜ್ಜಂದಿರ ಕಾಲದ ಒಂದು ಹೆಸರು ನೆನಪಿಸಬೇಕು: ದನದ ದೊಡ್ಡರೋಗ. ಒಮ್ಮೆ ಊರು ಹೊಕ್ಕರೆ ಕೊಟ್ಟಿಗೆ ಕೊಟ್ಟಿಗೆಯನ್ನೇ ಗುಡಿಸಿ ಹಾಕುತ್ತಿತ್ತು. ಮಕ್ಕಳನ್ನು ಕಾಡುವ ದಡಾರದ ವೈರಸ್ಸಿಗೂ ಈ ರೋಗದ ವೈರಸ್ಸಿಗೂ ಮೂಲಪುರುಷ ಒಬ್ಬನೇ. ಭಾರತದಲ್ಲಿ ಅದು ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. ಮನುಷ್ಯ ಬೇರುಸಹಿತ ಕಿತ್ತ ರೋಗಗಳು ಈವರೆಗೆ ಎರಡೇ: ಸಿಡುಬು ಮತ್ತು ಈ ದೊಡ್ಡರೋಗ. ಲಸಿಕೆ ಕೆಲಸ ಮಾಡಿತು, ನಿಜ. ಅದರ ಜೊತೆಗೆ ಹಳ್ಳಿಹಳ್ಳಿಯಲ್ಲಿ ದನ ಕೆಮ್ಮಿದರೂ ಬಂದು ಹೇಳಿದ ರೈತರ ಮಾತು ಕೆಲಸ ಮಾಡಿತು.

ಈ ಸಲದ ಹಬ್ಬದಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟುವ ಮೊದಲು ಮನೆಯ ಮಕ್ಕಳು ಅದರ ಮೈಮೇಲೆ ಒಮ್ಮೆ ಕೈಯಾಡಿಸಲಿ. ಉಣ್ಣೆ ಇದೆಯೇ, ಗಂಟು ಇದೆಯೇ ಎಂದು ನೋಡಲಿ. ಏನಾದರೂ ಸಿಕ್ಕರೆ ಓಡಿ ಬಂದು ಅಪ್ಪನಿಗೆ ಹೇಳಲಿ.