ಒಂದು ಅಂಕೆಯಿಂದ ರೋಗ ನಿರ್ಣಯವಾದೀತೆ?

ನಲವತ್ತು ದಾಟಿದ ಗಂಡಸರು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ವಾಡಿಕೆ ಈಗ ಪಟ್ಟಣಗಳಲ್ಲಿ ಬೆಳೆಯುತ್ತಿದೆ. ಸಕ್ಕರೆ, ಕೊಬ್ಬು, ಥೈರಾಯಿಡ್ ಎಂದು ನಾಲ್ಕೈದು ಪುಟ ಸಾಗುವ ಆ ವರದಿಯಲ್ಲಿ ಕೆಲವೊಮ್ಮೆ ಟೆಸ್ಟಾಸ್ಟಿರೋನ್ ಎಂಬ ಹೆಸರೂ ಸೇರಿರುತ್ತದೆ. ಅದರ ಎದುರಿಗೆ ಒಂದು ಅಂಕೆ, ಅಂಕೆಯ ಪಕ್ಕದಲ್ಲಿ ಕೆಳಮುಖವಾದ ಒಂದು ಬಾಣ. ಸಕ್ಕರೆ ಹೆಚ್ಚಿದ್ದರೆ ಅದನ್ನು ಮನೆಮಂದಿಗೆಲ್ಲ ಹೇಳುವ ಮನುಷ್ಯ ಈ ಬಾಣವನ್ನು ಕಂಡೊಡನೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಅದು ಪುರುಷತ್ವಕ್ಕೆ ಸಂಬಂಧಿಸಿದ ಹಾರ್ಮೋನು ಎಂಬಷ್ಟು ಅವನು ಬಲ್ಲ. ತನಗೇನೋ ಕುಂದು ಬಂದಿತೆಂದು ಒಳಗೊಳಗೇ ಕೊರಗುತ್ತಾನೆ. ಇಲ್ಲವೆ ಯಾರಿಗೂ ತಿಳಿಸದೆ, ಜಾಹೀರಾತಿನಲ್ಲಿ ಕಂಡ ಮುಲಾಮನ್ನೋ ಚುಚ್ಚುಮದ್ದನ್ನೋ ಅರಸಿಕೊಂಡು ಹೋಗುತ್ತಾನೆ. ಬಹಳವಾದರೆ, ವಿಜ್ಞಾನ ಓದುತ್ತಿರುವ ಮಗನನ್ನು ಕರೆದು, “ಇದೇನು ಬರೆದಿದ್ದಾರೆ, ಸ್ವಲ್ಪ ನೋಡಪ್ಪ” ಎಂದು ಕೇಳಿಯಾನು. ಹಾಗೆ ಕೇಳಿಸಿಕೊಳ್ಳುವವರು ಈ ಪತ್ರಿಕೆಯ ತರುಣ ವಾಚಕರೇ ಆಗಿರಬಹುದಾದುದರಿಂದ, ಆ ಅಂಕೆಯನ್ನು ಹೇಗೆ ಓದಬೇಕೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಭೌತವಿಜ್ಞಾನವನ್ನು ಕಲಿಸುವವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ಕೆಲವರಿಗೆ ತೋರಬಹುದು. ರೋಗಕ್ಕೆ ಮದ್ದು ಹೇಳುವ ಅಧಿಕಾರ ನನಗೆ ಇಲ್ಲವೇ ಇಲ್ಲ. ಆದರೆ ವರದಿಯಲ್ಲಿ ಮುದ್ರಿತವಾಗಿರುವುದು ರೋಗವಲ್ಲ, ಒಂದು ಅಳತೆ. ಸ್ಕ್ರೂ ಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವ ವಿದ್ಯಾರ್ಥಿ ಒಂದೇ ಸಲ ಅಳೆದು ಉತ್ತರ ಬರೆದರೆ ನಾವು ಒಪ್ಪುವುದಿಲ್ಲ. ಏಕಮಾನ ಬರೆಯದಿದ್ದರೆ ಅಂಕ ಕೊಡುವುದಿಲ್ಲ. ಉಪಕರಣದ ದೋಷವೆಷ್ಟೆಂದು ಕೇಳದೆ ಬಿಡುವುದಿಲ್ಲ. ಒಂದು ತಂತಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು, ಒಬ್ಬ ಮನುಷ್ಯ ವರ್ಷಾನುಗಟ್ಟಲೆ ಔಷಧ ಸೇವಿಸಬೇಕೆ ಬೇಡವೆ ಎಂಬುದನ್ನು ಒಂದೇ ಸಲದ ಅಳತೆಯಿಂದ ತೀರ್ಮಾನಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಅಳೆಯಬೇಕಾದ ಪದಾರ್ಥ ಎಷ್ಟು ಅತ್ಯಲ್ಪವೆಂಬುದನ್ನು ಮೊದಲು ನೋಡೋಣ. ಇಂಗಾಲದ 19, ಜಲಜನಕದ 28, ಆಮ್ಲಜನಕದ 2 ಪರಮಾಣುಗಳಿಂದಾದ ಈ ಅಣು ಗಂಡಸರಲ್ಲಿ ಬಹುಮಟ್ಟಿಗೆ ವೃಷಣಗಳಲ್ಲಿ ತಯಾರಾಗಿ ರಕ್ತವನ್ನು ಸೇರುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ನಮ್ಮ ದೇಹದಲ್ಲಿ ಸುಮಾರು 3 ಲೀಟರು ಇರುತ್ತದೆ. ಒಂದು ಡೆಸಿಲೀಟರಿಗೆ, ಎಂದರೆ 100 ಮಿಲಿಲೀಟರಿಗೆ, 500 ನ್ಯಾನೋಗ್ರಾಂ ಇದೆಯೆಂದು ವರದಿ ಹೇಳಿದರೆ, ಅಷ್ಟೂ ಪ್ಲಾಸ್ಮಾದಲ್ಲಿರುವ ಟೆಸ್ಟಾಸ್ಟಿರೋನು ಒಟ್ಟು 15 ಮೈಕ್ರೋಗ್ರಾಂ ಆಯಿತು. 0.3 ಮಿಲಿಮೀಟರು ಬದಿಯುಳ್ಳ ಒಂದು ಉಪ್ಪಿನ ಹರಳಿನ ತೂಕ ಇದರ ನಾಲ್ಕರಷ್ಟಾಗುತ್ತದೆ. ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. 1935ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಎರ್ನ್‌ಸ್ಟ್ ಲಾಕ್ವೆರನೂ ಅವನ ಸಂಗಡಿಗರೂ ಇದನ್ನು ಮೊಟ್ಟಮೊದಲು ಶುದ್ಧ ಹರಳುಗಳಾಗಿ ಬೇರ್ಪಡಿಸಿದಾಗ, 100 ಕಿಲೋಗ್ರಾಂ ಹೋರಿಯ ವೃಷಣಗಳಿಂದ ಅವರಿಗೆ ದಕ್ಕಿದ್ದು 10 ಮಿಲಿಗ್ರಾಂ ಮಾತ್ರ. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕ ಎಂಬ ರಸಾಯನವಿಜ್ಞಾನಿಗಳು ಬೇರೆಬೇರೆಯಾಗಿ ಇದನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿದರು.

ಇಷ್ಟು ಅತ್ಯಲ್ಪವಾದುದನ್ನು ಕೆಲವು ಹನಿ ರಕ್ತದಲ್ಲಿ ಅಳೆಯುವ ಉಪಾಯವನ್ನು ಕೊಟ್ಟವರಲ್ಲಿ ಒಬ್ಬಳು ಭೌತವಿಜ್ಞಾನಿ ಎಂಬುದು ನಮ್ಮ ಶಾಸ್ತ್ರಕ್ಕೆ ಹೆಮ್ಮೆಯ ಸಂಗತಿ. ಅಮೆರಿಕದ ರೋಸಲಿನ್ ಯಾಲೊ, ಸಾಲೊಮನ್ ಬರ್ಸನ್ ಎಂಬ ವೈದ್ಯನೊಡಗೂಡಿ, 1950ರ ದಶಕದ ಕೊನೆಯಲ್ಲಿ ಇನ್ಸುಲಿನ್ನನ್ನು ಅಳೆಯಲು ಈ ವಿಧಾನವನ್ನು ರೂಪಿಸಿದಳು; 1977ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಾರ್ಮೋನನ್ನು ಹಿಡಿಯಬಲ್ಲ ಪ್ರತಿಕಾಯಗಳನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಇಟ್ಟು, ವಿಕಿರಣಪಟುವಾದ ಹಾರ್ಮೋನನ್ನೂ ರೋಗಿಯ ರಕ್ತದಲ್ಲಿರುವ ಹಾರ್ಮೋನನ್ನೂ ಆ ಸ್ಥಳಗಳಿಗಾಗಿ ಸ್ಪರ್ಧಿಸಲು ಬಿಡುವುದೇ ಇದರ ಗುಟ್ಟು. ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ವಿಕಿರಣಪಟುವಾದುದಕ್ಕೆ ಸಿಕ್ಕುವ ಸ್ಥಳ ಕಡಿಮೆ. ಈಗಿನ ಯಂತ್ರಗಳಲ್ಲಿ ವಿಕಿರಣಕ್ಕೆ ಬದಲಾಗಿ ಬೆಳಕು ಬೀರುವ ರಾಸಾಯನಿಕಗಳನ್ನು ಬಳಸುತ್ತಾರೆ, ತತ್ತ್ವ ಅದೇ.

ಈ ವಿಧಾನದ ಕೊರತೆಯೂ ಅದರ ತತ್ತ್ವದಲ್ಲಿಯೇ ಇದೆ. ಟೆಸ್ಟಾಸ್ಟಿರೋನನ್ನು ಹೋಲುವ ಇತರ ಅಣುಗಳೂ ರಕ್ತದಲ್ಲಿ ಉಂಟು. ಪ್ರತಿಕಾಯವು ಅವುಗಳಲ್ಲಿ ಕೆಲವನ್ನು ತಪ್ಪಿ ಹಿಡಿಯಬಹುದು. ಪ್ರಮಾಣ ಕಡಿಮೆಯಾದಷ್ಟೂ ಈ ತಪ್ಪಿನ ಪಾಲು ಹೆಚ್ಚು. ಎಲ್ಲಿ ನಿಖರತೆ ಅತ್ಯವಶ್ಯವೋ ಅಲ್ಲಿಯೇ ಅದು ಕೈಕೊಡುತ್ತದೆ ಎಂದಂತಾಯಿತು. ಕೂದಲಿಗೆ ಒಳ್ಳೆಯದೆಂದು ಜನ ನುಂಗುವ ಬಯೊಟಿನ್ ಮಾತ್ರೆ ಕೂಡ ಕೆಲವು ಯಂತ್ರಗಳ ಫಲಿತಾಂಶವನ್ನು ಕೆಡಿಸಬಲ್ಲದು. ಅಣುವನ್ನು ಅದರ ದ್ರವ್ಯರಾಶಿಯಿಂದಲೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರು ಹೆಚ್ಚು ನಂಬತಕ್ಕದ್ದು. ಜೆ. ಜೆ. ಥಾಮ್ಸನ್ ಮತ್ತು ಆಸ್ಟನ್ ಐಸೋಟೋಪುಗಳನ್ನು ಕಂಡ ಉಪಕರಣದ ವಂಶಕ್ಕೆ ಅದು ಸೇರಿದುದು. ಆದರೆ ಅದರ ಬೆಲೆ ಹೆಚ್ಚು, ಎಲ್ಲ ಕಡೆಯೂ ಸಿಕ್ಕುವುದಿಲ್ಲ.

ಉಪಕರಣದ ಮಾತು ಹಾಗಿರಲಿ. ಅಳೆಯಬೇಕಾದ ವಸ್ತುವೇ ಒಂದೆಡೆ ನಿಲ್ಲುವುದಿಲ್ಲವಲ್ಲ! ತಂತಿಯ ದಪ್ಪ ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ, ಟೆಸ್ಟಾಸ್ಟಿರೋನು ಆಗುತ್ತದೆ. ಮೂವತ್ತು ನಲವತ್ತರ ಗಂಡಸರಲ್ಲಿ ಬೆಳಗಿನ ಎಂಟು ಗಂಟೆಗೆ ಇದ್ದುದಕ್ಕಿಂತ ಸಂಜೆ ನಾಲ್ಕಕ್ಕೆ ಅದು ನೂರಕ್ಕೆ 20ರಿಂದ 25ರಷ್ಟು ಇಳಿದಿರುತ್ತದೆ. ವಯಸ್ಸಾದಂತೆ ಈ ಇಳಿತ ಕುಗ್ಗಿ, ಎಪ್ಪತ್ತರ ಹೊತ್ತಿಗೆ ನೂರಕ್ಕೆ 10ರ ಸಮೀಪಕ್ಕೆ ಬರುತ್ತದೆ. ಬೆಳಿಗ್ಗೆ 360 ಇದ್ದವನು ಕಚೇರಿ ಮುಗಿಸಿಕೊಂಡು ಸಂಜೆ ರಕ್ತ ಕೊಟ್ಟರೆ ವರದಿಯಲ್ಲಿ 280 ಬರಬಹುದು; ಬಾಣವೂ ಬೀಳಬಹುದು. ಊಟವಾದ ಮೇಲೆಯೂ ಇಳಿಯುತ್ತದೆ. ಜ್ವರ ಅಥವಾ ಇನ್ನಾವುದೇ ತೀವ್ರ ಕಾಯಿಲೆಯಲ್ಲಿ ಇನ್ನೂ ಇಳಿಯುತ್ತದೆ. ಕೆಲವು ನೋವಿನ ಔಷಧಗಳೂ ಸ್ಟಿರಾಯಿಡ್ ಮಾತ್ರೆಗಳೂ ಇಳಿಸುತ್ತವೆ. ನಿದ್ರೆಯ ಪ್ರಭಾವವನ್ನು ಕುರಿತು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ವಿದ್ಯಾರ್ಥಿಗಳು ಗಮನಿಸತಕ್ಕದ್ದು: ಹತ್ತು ಮಂದಿ ಆರೋಗ್ಯವಂತ ತರುಣರಿಗೆ ಒಂದು ವಾರ ರಾತ್ರಿ ಐದೇ ಗಂಟೆ ನಿದ್ರೆ ಮಾಡಗೊಟ್ಟಾಗ, ಹಗಲಿನ ಟೆಸ್ಟಾಸ್ಟಿರೋನು ನೂರಕ್ಕೆ 10ರಿಂದ 15ರಷ್ಟು ತಗ್ಗಿತು. ಪರೀಕ್ಷೆಯ ಹಿಂದಿನ ವಾರ ರಾತ್ರಿಯೆಲ್ಲ ಎಚ್ಚರವಿರುವ ನಮ್ಮ ಹುಡುಗರ ಪಾಡೇನೋ ಕಾಣೆ.

ಇನ್ನೊಂದು ತೊಡಕುಂಟು. ರಕ್ತದಲ್ಲಿ ಈ ಹಾರ್ಮೋನಿನ ಹೆಚ್ಚಿನ ಭಾಗ ಪ್ರೋಟೀನುಗಳಿಗೆ ಅಂಟಿಕೊಂಡು ಸಾಗುತ್ತದೆ: ಒಂದು ಭಾಗ ಆಲ್ಬುಮಿನ್ನಿಗೆ ಸಡಿಲವಾಗಿ, ಇನ್ನೊಂದು ಭಾಗ ಇದಕ್ಕಾಗಿಯೇ ಇರುವ ಬೇರೊಂದು ವಾಹಕ ಪ್ರೋಟೀನಿಗೆ ಬಿಗಿಯಾಗಿ. ಯಾವುದಕ್ಕೂ ಅಂಟದೆ ಬಿಡಿಯಾಗಿರುವುದು ನೂರಕ್ಕೆ 2 ಅಥವಾ 3 ಮಾತ್ರ. ವರದಿಯಲ್ಲಿ ಸಾಮಾನ್ಯವಾಗಿ ಬರುವುದು ಇವೆಲ್ಲದರ ಮೊತ್ತ. ಬಿಗಿಯಾಗಿ ಹಿಡಿಯುವ ಪ್ರೋಟೀನು ಬೊಜ್ಜು ಬಂದವರಲ್ಲಿಯೂ ಸಿಹಿಮೂತ್ರ ರೋಗಿಗಳಲ್ಲಿಯೂ ಕಡಿಮೆಯಾಗುತ್ತದೆ; ಆಗ ಬಿಡಿಯಾದ ಅಂಶ ಸರಿಯಾಗಿಯೇ ಇದ್ದರೂ ಮೊತ್ತ ಕಡಿಮೆ ಕಾಣುವುದುಂಟು. ವಯಸ್ಸಾದಂತೆ ಇದೇ ಪ್ರೋಟೀನು ಹೆಚ್ಚುವುದರಿಂದ, ಮುದುಕರಲ್ಲಿ ಮೊತ್ತ ಚೆನ್ನಾಗಿಯೇ ಕಂಡು ಬಿಡಿಯಾದ ಅಂಶ ಕುಗ್ಗಿರುವುದೂ ಸಾಧ್ಯ. ಬಾಣದ ಗುರುತು ಇಲ್ಲವೆಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆಯೆಂದು ಹೇಳಲೂ ಬಾರದು.

ಈಗ ಬಾಣ ಬೀಳುವ ಗಡಿಯ ಮಾತು. ಈ ಗಡಿಯನ್ನು ಪ್ರಕೃತಿ ಗೆರೆಯೆಳೆದು ತೋರಿಸಿಲ್ಲ. 2017ರಲ್ಲಿ ಅಮೆರಿಕ ಮತ್ತು ಯೂರೋಪಿನ ನಾಲ್ಕು ದೊಡ್ಡ ಅಧ್ಯಯನಗಳನ್ನು ಒಂದುಗೂಡಿಸಿ, ಬೊಜ್ಜಿಲ್ಲದ, ಆರೋಗ್ಯವಂತರಾದ, 19ರಿಂದ 39 ವರ್ಷದ ಗಂಡಸರಲ್ಲಿ 264ರಿಂದ 916 ನ್ಯಾನೋಗ್ರಾಂವರೆಗೆ ಇರುತ್ತದೆಂದು ಗೊತ್ತುಮಾಡಿದರು. ಇದರ ಅರ್ಥವೇನು? ಆ ಆರೋಗ್ಯವಂತರಲ್ಲಿಯೇ ನೂರಕ್ಕೆ ಎರಡೂವರೆ ಮಂದಿ 264ಕ್ಕಿಂತ ಕೆಳಗೂ, ಅಷ್ಟೇ ಮಂದಿ 916ಕ್ಕಿಂತ ಮೇಲೂ ಇದ್ದರು. ಗಡಿಯನ್ನು ಎಳೆದ ವಿಧಾನವೇ ಅಂಥದು. ಒಂದು ವರದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳಿದ್ದು, ಪ್ರತಿಯೊಂದರ ಗಡಿಯನ್ನೂ ಹೀಗೆಯೇ ಎಳೆದಿದ್ದರೆ, ಪೂರ್ಣ ಆರೋಗ್ಯವಂತನಿಗೂ ಒಂದಾದರೂ ಬಾಣ ಬೀಳುವ ಸಂಭವ ನೂರಕ್ಕೆ 64. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300 ಎಂಬ ಗಡಿಯನ್ನು ಇಟ್ಟುಕೊಂಡಿದೆ. ಕೆಲವು ಪ್ರಯೋಗಾಲಯಗಳು ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು ಬರೆಯುತ್ತವೆ, ಅದನ್ನು 28.84ರಿಂದ ಗುಣಿಸಿದರೆ ನಮ್ಮ ಏಕಮಾನಕ್ಕೆ ಬರುತ್ತದೆ. 12 ಎಂಬ ಅಂಕೆಯನ್ನು ಕಂಡು, ಬೇರೆಲ್ಲೋ ಓದಿದ 300ರೊಡನೆ ಹೋಲಿಸಿ ಎದೆಯೊಡೆದುಕೊಳ್ಳಬೇಕಾದುದಿಲ್ಲ, ಅದು 346.

ವಯಸ್ಸಿನೊಡನೆ ಟೆಸ್ಟಾಸ್ಟಿರೋನು ಇಳಿಯುವುದು ನಿಜ. ಆದರೆ ಮೂವತ್ತು ನಲವತ್ತರಿಂದ ಮುಂದೆ ವರ್ಷಕ್ಕೆ ಸರಾಸರಿ ನೂರಕ್ಕೆ ಒಂದರಂತೆ, ಇಳಿಜಾರಿನಲ್ಲಿ ಇಳಿದ ಹಾಗೆ ಇಳಿಯುತ್ತದೆ. ಹೆಂಗಸರ ಮುಟ್ಟು ನಿಲ್ಲುವಂತೆ ಗಂಡಸರಲ್ಲಿ ಯಾವುದೂ ಒಮ್ಮೆಗೇ ನಿಲ್ಲುವುದಿಲ್ಲ. ಆ ಇಳಿತದಲ್ಲಿಯೂ ಬೊಜ್ಜಿನ ಮತ್ತು ಇತರ ಕಾಯಿಲೆಗಳ ಪಾಲು ದೊಡ್ಡದು.

ಹಾಗಾದರೆ ನಿಜವಾದ ಕೊರತೆ ಎಷ್ಟು ಮಂದಿಗೆ? ಯೂರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ಪರೀಕ್ಷಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಲೈಂಗಿಕ ಆಸಕ್ತಿ ಮತ್ತು ಸಾಮರ್ಥ್ಯಕ್ಕೆ ಸಂಬಂಧಿಸಿದ ಮೂರು ಲಕ್ಷಣಗಳೂ ಕೂಡಿ ಬಂದು, ಒಟ್ಟು ಪ್ರಮಾಣವೂ ಬಿಡಿ ಪ್ರಮಾಣವೂ ಕಡಿಮೆಯಿದ್ದವರನ್ನು ಮಾತ್ರ ಅದರಲ್ಲಿ ಲೆಕ್ಕಕ್ಕೆ ಹಿಡಿದರು. ಅಂಥವರು ನೂರಕ್ಕೆ 2.1 ಮಂದಿ. ಈ ಅಂಕೆಯನ್ನು ಹಿಡಿದು ಒಂದು ಲೆಕ್ಕ ಹಾಕೋಣ. ಸಾವಿರ ಗಂಡಸರು ಪರೀಕ್ಷೆಗೆ ಬಂದರೆಂದುಕೊಳ್ಳಿ. ಅವರಲ್ಲಿ 21 ಮಂದಿಗೆ ನಿಜವಾದ ಕೊರತೆ; ಅವರೆಲ್ಲರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆಂದೇ ಇಟ್ಟುಕೊಳ್ಳೋಣ. ಉಳಿದ 979 ಮಂದಿಯಲ್ಲಿ, ಹೊತ್ತುಗೊತ್ತಿನಿಂದಲೋ ಯಂತ್ರದ ದೋಷದಿಂದಲೋ, ನೂರಕ್ಕೆ ಐವರಿಗೆ ಮಾತ್ರ ತಪ್ಪಾಗಿ ಬಾಣ ಬಿದ್ದಿತೆಂದು ಭಾವಿಸಿದರೂ ಅವರು 49 ಮಂದಿಯಾದರು. ಬಾಣ ಬಿದ್ದ 70 ಮಂದಿಯಲ್ಲಿ 49 ಮಂದಿಗೆ ಕೊರತೆಯೇ ಇಲ್ಲ! ಮತ್ತೊಮ್ಮೆ ಪರೀಕ್ಷಿಸಿದಾಗ, ದೋಷಗಳು ಕೇವಲ ಆಕಸ್ಮಿಕವಾಗಿದ್ದ ಪಕ್ಷದಲ್ಲಿ, ಆ 49 ಮಂದಿ ಎರಡು ಮೂರಕ್ಕೆ ಇಳಿಯುತ್ತಾರೆ. ಎರಡನೆಯ ಸಲವೂ ಸಂಜೆಯೇ ರಕ್ತ ತೆಗೆದರೆ ಮಾತ್ರ ಈ ಲಾಭವಿಲ್ಲ. ಒಂದೇ ಕಡೆಗೆ ವಾಲಿದ ದೋಷ ಎಷ್ಟು ಸಲ ಅಳೆದರೂ ಹೋಗುವುದಿಲ್ಲವೆಂದು ಪ್ರಯೋಗಶಾಲೆಯಲ್ಲಿ ನಾವು ಹೇಳುವ ಪಾಠ ಇದೇ.

ಪರೀಕ್ಷೆಯೇ ವ್ಯರ್ಥವೆಂದು ಇದರಿಂದ ಯಾರೂ ತಿಳಿಯಬಾರದು. ಲಕ್ಷಣಗಳಿದ್ದು, ಎರಡು ಬೆಳಗಿನ ಪರೀಕ್ಷೆಗಳಲ್ಲಿಯೂ ಪ್ರಮಾಣ ಕಡಿಮೆ ಬಂದರೆ ಅದಕ್ಕೆ ಕಾರಣ ಹುಡುಕಲೇಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನನ್ನು ಕಳುಹಿಸಿ ವೃಷಣಗಳನ್ನು ಕೆಲಸಕ್ಕೆ ಹಚ್ಚುತ್ತದೆ. ರಕ್ತದಲ್ಲಿ ಟೆಸ್ಟಾಸ್ಟಿರೋನು ಸಾಕಷ್ಟಾದಾಗ ತನ್ನ ಹಾರ್ಮೋನನ್ನು ತಗ್ಗಿಸುತ್ತದೆ. ನೀರು ಕಾಯಿಸುವ ಹಂಡೆಯ ಥರ್ಮೋಸ್ಟಾಟಿನ ಏರ್ಪಾಡೇ ಇದು. ಟೆಸ್ಟಾಸ್ಟಿರೋನು ಕಡಿಮೆಯಿದ್ದು ಪಿಟ್ಯುಟರಿಯ ಆ ಹಾರ್ಮೋನು ಹೆಚ್ಚಿದ್ದರೆ ತೊಂದರೆ ವೃಷಣದಲ್ಲಿ. ಅದೂ ಏರದಿದ್ದರೆ ತೊಂದರೆ ಮೇಲಿನದು, ಕೆಲವೊಮ್ಮೆ ಪಿಟ್ಯುಟರಿಯಲ್ಲಿ ಗಡ್ಡೆಯೂ ಇರಬಹುದು. ನಾಚಿಕೆಯಿಂದ ವರದಿಯನ್ನು ಬಚ್ಚಿಟ್ಟವನಿಗೆ ಇದು ತಿಳಿಯುವ ಬಗೆ ಹೇಗೆ? ಯಾರನ್ನೂ ಕೇಳದೆ ಮುಲಾಮು ಹಚ್ಚಿಕೊಂಡವನಿಗೂ ತಿಳಿಯದು. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿ ಸುಮ್ಮನಾಗಿಬಿಡುತ್ತದೆ, ವೃಷಣಗಳು ತಮ್ಮ ಉತ್ಪಾದನೆಯನ್ನೂ ವೀರ್ಯಾಣುಗಳ ತಯಾರಿಕೆಯನ್ನೂ ತಗ್ಗಿಸುತ್ತವೆ. ಮಕ್ಕಳಾಗಬೇಕೆಂದಿರುವವನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಔಷಧದ ಫಲವನ್ನೂ ಅಳೆದು ನೋಡಿದ್ದಾರೆ. 65 ದಾಟಿದ, ಟೆಸ್ಟಾಸ್ಟಿರೋನು ಕಡಿಮೆಯಿದ್ದ 790 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೈಂಗಿಕ ಆಸಕ್ತಿ ಸಾಧಾರಣವಾಗಿ ಹೆಚ್ಚಿತು. ಜಾಹೀರಾತುಗಳು ಸಾರುವ ಚೈತನ್ಯದಲ್ಲಿ ಗಣನೀಯವಾದ ಲಾಭ ಕಾಣಲಿಲ್ಲ. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಐದು ಸಾವಿರಕ್ಕೂ ಮಿಕ್ಕ ಗಂಡಸರ ಮೇಲಿನ ಪ್ರಯೋಗ 2023ರಲ್ಲಿ ಹೊರಬಂದಿತು. ಹೃದಯಾಘಾತ, ಪಾರ್ಶ್ವವಾಯುಗಳು ಔಷಧದಿಂದ ಹೆಚ್ಚಲಿಲ್ಲವೆಂಬುದು ಸಮಾಧಾನದ ಮಾತು. ಆದರೆ ಹೃದಯಬಡಿತದ ಒಂದು ಬಗೆಯ ಏರುಪೇರು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಮೂತ್ರಪಿಂಡದ ತೊಂದರೆ ಇವು ಔಷಧ ಪಡೆದವರಲ್ಲಿ ಹೆಚ್ಚಾಗಿ ಕಂಡುಬಂದವು. ನಿಜವಾದ ಕೊರತೆಯಿರುವವನು ವೈದ್ಯರ ಕಣ್ಣೆದುರಿನಲ್ಲಿ ಈ ಅಪಾಯವನ್ನು ಹೊರುವುದು ನ್ಯಾಯ. ಆ 49 ಮಂದಿ ಏತಕ್ಕೆ ಹೊರಬೇಕು?

ಯಾವ ದೂರೂ ಇಲ್ಲದ ಗಂಡಸರಿಗೆಲ್ಲ ಈ ಪರೀಕ್ಷೆಯನ್ನು ಮಾಡಬಾರದೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2018ರಲ್ಲಿಯೇ ಹೇಳಿದೆ. ಹೀಗಿದ್ದೂ ವಾರ್ಷಿಕ ತಪಾಸಣೆಯ ಪಟ್ಟಿಗಳಲ್ಲಿ ಇದನ್ನು ಪುಕ್ಕಟೆಯ ಉಡುಗೊರೆಯಂತೆ ಸೇರಿಸುವುದು ತಪ್ಪು. ಸೇರಿಸಲೇಬೇಕಾದರೆ ವರದಿಯಲ್ಲಿ ಇನ್ನು ಮೂರು ಸಂಗತಿಗಳು ಮುದ್ರಿತವಾಗಲಿ: ರಕ್ತ ತೆಗೆದ ಹೊತ್ತು, ಅಳೆದ ವಿಧಾನ, ಅಳತೆಯ ಅನಿಶ್ಚಿತಿ. 290 ಎಂದು ಬರೆಯುವ ಬದಲು, ಅನಿಶ್ಚಿತಿ ನೂರಕ್ಕೆ 10 ಇದ್ದರೆ, 261ರಿಂದ 319ರವರೆಗೆ ಎಂದು ಬರೆದರೆ ಕಾಗದವೇನೂ ಹೆಚ್ಚು ಖರ್ಚಾಗದು. 300ರ ಗಡಿಯ ಯಾವ ಕಡೆಗಿದೆಯೆಂದು ಈ ಒಂದು ಅಳತೆಯಿಂದ ಹೇಳಲಾಗದೆಂಬುದು ಓದುವವನಿಗೆ ತಾನಾಗಿಯೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ, ಮನೆಯಲ್ಲಿ ಇಂಥ ವರದಿ ಕೈಗೆ ಬಂದರೆ, ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿ. ಆ ದಿನಗಳಲ್ಲಿ ಜ್ವರವಿತ್ತೆ, ನಿದ್ರೆ ಕೆಟ್ಟಿತ್ತೆ, ಯಾವ ಮಾತ್ರೆ ನುಂಗುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಬಳಿಗೆ ಕಳುಹಿಸಿ. ಅವರು ಮತ್ತೊಮ್ಮೆ ಪರೀಕ್ಷೆ ಬೇಕೆಂದರೆ ಬೆಳಗಿನ ಏಳರಿಂದ ಹತ್ತರೊಳಗೆ, ಬರಿಹೊಟ್ಟೆಯಲ್ಲಿ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ರಕ್ತ ಕೊಡಬೇಕು. ಕಾಯಿಲೆ ಬಿದ್ದು ಎದ್ದವರು ಪೂರ್ತಿ ಚೇತರಿಸಿಕೊಂಡ ಮೇಲೆ ಹೋದರಾಯಿತು, ಅವಸರವೇನೂ ಇಲ್ಲ.