ಮನೆಯ ಪ್ರಾರ್ಥನೆ ನಿಲ್ಲದಿರಲಿ

ಬೂದಿ ಬುಧವಾರ ಸಮೀಪಿಸುತ್ತಿದೆ. ಅಂದಿನಿಂದ ಈಸ್ಟರ್ ಹಬ್ಬದ ಮುನ್ನಾದಿನದವರೆಗೆ, ನಡುವಣ ಆದಿತ್ಯವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನಗಳ ತಪಸ್ಸುಕಾಲ. ಮಂಜೇಶ್ವರ, ಕಯ್ಯಾರು, ಕುಂಬಳೆ, ಬೇಳ, ಕಾಸರಗೋಡು ಸುತ್ತಿನ ಕ್ರೈಸ್ತ ಮನೆಗಳಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಮೀನನ್ನೂ ಬಿಡುತ್ತಾರೆ, ಕುಡಿಯುವ ಅಭ್ಯಾಸವಿದ್ದವರು ಅದನ್ನೂ ದೂರವಿಡುತ್ತಾರೆ. ಕರಾವಳಿಯವನು ಮೀನು ಬಿಡುವುದೆಂದರೆ ಸಣ್ಣ ಮಾತಲ್ಲ. ಆದರೂ ಅದಕ್ಕಿಂತ ಕಠಿಣವಾದ ಒಂದು ವ್ರತವನ್ನು ಈ ಸಲ ನಮ್ಮ ಕ್ರೈಸ್ತ ಓದುಗರ ಮುಂದಿಡಬಯಸುತ್ತೇವೆ. ದಿನಕ್ಕೆ ಅರ್ಧ ಗಂಟೆ ಮೊಬೈಲ್ ಬಿಡುವುದೇ ಆ ವ್ರತ. ಯಾವ ಅರ್ಧ ಗಂಟೆ ಎಂಬುದನ್ನೂ ನಾವೇ ಹೇಳಿಬಿಡುತ್ತೇವೆ: ಸಂಜೆ ಮನೆಮಂದಿ ಒಟ್ಟಾಗಿ ಪ್ರಾರ್ಥನೆಗೆ ಕುಳಿತುಕೊಳ್ಳಬೇಕಾದ ಅರ್ಧ ಗಂಟೆ.

ಇದು ಪಾದ್ರಿಗಳು ಆಡಬೇಕಾದ ಮಾತು, ಪತ್ರಿಕೆಗೇಕೆ ಈ ಉಸಾಬರಿ ಎಂದು ಕೇಳುವವರು ಇರಬಹುದು. ಕಾರಣ ಉಂಟು, ಮುಂದೆ ಹೇಳುತ್ತೇವೆ.

ಮೂವತ್ತು ವರ್ಷಗಳ ಹಿಂದಿನ ಸಂಜೆಯನ್ನು ನೆನಪಿಟ್ಟವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಗರ್ಜಿಯ ಗಂಟೆ ಬಾರಿಸಿತೆಂದರೆ ಆಟದ ಬಯಲಲ್ಲಿದ್ದ ಮಕ್ಕಳು ಮನೆಯತ್ತ ಓಡುತ್ತಿದ್ದರು. ಕೈಕಾಲು ತೊಳೆದು, ಪೀಠದ ಮುಂದೆ ಮೇಣದ ಬತ್ತಿ ಹಚ್ಚಿ, ಕೊಂಕಣಿಯಲ್ಲಿ ತೇರ್ಸ್ ಎಂದು ಕರೆಯುವ ಜಪಮಾಲೆ ಆರಂಭ. ಸಣ್ಣವರು ತೂಕಡಿಸುತ್ತಿದ್ದರು, ಅಜ್ಜಿ ಮೊಣಕೈಯಿಂದ ತಿವಿಯುತ್ತಿದ್ದರು. ಮುಗಿದ ಮೇಲೆ ಕಿರಿಯರು ಹಿರಿಯರಲ್ಲಿ ಸಾಲಾಗಿ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಿದ್ದರು. ಬೆಳಿಗ್ಗೆಯಿಂದ ಜಗಳಾಡಿದ ತಂದೆ ಮಗ ಕೂಡ ಆ ಹೊತ್ತಿನಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡಲೇ ಬೇಕಾಗುತ್ತಿತ್ತು. ಬಾಸೆಲ್ ಮಿಶನ್ ಪರಂಪರೆಯ ಮನೆಗಳಲ್ಲಿ ಕ್ರಮ ಬೇರೆ, ಹುರುಳು ಒಂದೇ: ಬೈಬಲಿನ ಒಂದು ಅಧ್ಯಾಯ, ಒಂದು ಸಂಗೀತ, ಹಿರಿಯರ ಪ್ರಾರ್ಥನೆ.

ಗಂಟೆ ಇಂದಿಗೂ ಬಾರಿಸುತ್ತದೆ. ತಾಯಿ ಧಾರಾವಾಹಿಯ ಮುಂದೆ, ಮಗ ಆಟದಲ್ಲಿ, ಮಗಳು ಅರ್ಧ ನಿಮಿಷಕ್ಕೊಂದರಂತೆ ಓಡುವ ರೀಲುಗಳಲ್ಲಿ, ತಂದೆ ವಾಟ್ಸಪ್ಪಿನ ರಾಜಕೀಯ ಚರ್ಚೆಯಲ್ಲಿ. ಕೇಳಿದರೆ ಪುರುಸೊತ್ತಿಲ್ಲ. ಯಾರೂ ನಾಸ್ತಿಕರಾಗಿಲ್ಲ, ಯಾರೂ ಧರ್ಮವನ್ನು ತೊರೆದಿಲ್ಲ. ನಂಬಿಕೆ ಹೋಗುವುದು ಹೆಚ್ಚಾಗಿ ಹೀಗೆಯೇ. ಜಗಳವಾಡಿ ಹೋಗುವುದಿಲ್ಲ, ಗಮನಿಸುವವರಿಲ್ಲದೆ ಎದ್ದು ಹೋಗುತ್ತದೆ.

ಚಿತ್ತಚಾಂಚಲ್ಯವನ್ನು ಮೊಬೈಲ್ ಹುಟ್ಟಿಸಿತೆಂದು ನಾವು ಹೇಳುವುದಿಲ್ಲ. 4ನೇ ಶತಮಾನದಲ್ಲಿ ಈಜಿಪ್ತಿನ ಮರುಭೂಮಿಯಲ್ಲಿ ಗುಡಿಸಲು ಕಟ್ಟಿ ತಪಸ್ಸು ಮಾಡಿದ ಕ್ರೈಸ್ತ ಸನ್ಯಾಸಿಗಳಿಗೂ ಈ ಕಾಟವಿತ್ತು. ಅವರಲ್ಲೊಬ್ಬರಾದ ಎವಾಗ್ರಿಯಸ್ ಅದನ್ನು ಮಧ್ಯಾಹ್ನದ ಪಿಶಾಚಿಯೆಂದು ಹೆಸರಿಸಿ ಅದರ ಚೇಷ್ಟೆಗಳನ್ನು ಬರೆದಿಟ್ಟಿದ್ದಾರೆ. ಸನ್ಯಾಸಿಗೆ ಹೊತ್ತು ಕಳೆಯುವುದಿಲ್ಲ, ದಿನಕ್ಕೆ ಐವತ್ತು ಗಂಟೆಗಳೇನೋ ಎನಿಸುತ್ತದೆ. ಊಟದ ಹೊತ್ತಾಯಿತೇ ಎಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರುತ್ತಾರೆಯೇ ಎಂದು ಮತ್ತೆ ಮತ್ತೆ ಹೊರಗೆ ಇಣುಕುತ್ತಾನೆ. ಈ ಸ್ಥಳವೇ ಸರಿಯಿಲ್ಲ, ಬೇರೆಲ್ಲಾದರೂ ಹೋದರೆ ದೇವರನ್ನು ಚೆನ್ನಾಗಿ ಸೇವಿಸಬಹುದಿತ್ತು ಎಂಬ ಯೋಚನೆ ಬೇರೆ. ಪ್ರಾರ್ಥನೆಯ ನಡುವೆ ಜೇಬಿನಿಂದ ಪರದೆ ತೆಗೆದು ಯಾರ ಸಂದೇಶ ಬಂತೆಂದು ನೋಡುವವನು ಆ ಇಣುಕುವ ಸನ್ಯಾಸಿಯ ವಂಶಸ್ಥನೇ ಸರಿ. ಎವಾಗ್ರಿಯಸ್ ಕೊಟ್ಟ ಔಷಧ ಬಹಳ ಸರಳ: ಎದ್ದು ಹೋಗಬೇಡ, ಕುಳಿತಲ್ಲೇ ಕುಳಿತಿರು. ಅಂದಿಗೂ ಇಂದಿಗೂ ವ್ಯತ್ಯಾಸವೆಂದರೆ, ಆ ಸನ್ಯಾಸಿ ಇಣುಕಿದಾಗ ಕಾಣುತ್ತಿದ್ದುದು ಬರೀ ಮರಳು. ನಮಗೆ ಕಾಣುವುದು ಮುಗಿಯದ ಜಾತ್ರೆ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲೇ ಇದಕ್ಕೆ ಹೊಂದುವ ಪ್ರಸಂಗವೊಂದಿದೆ. ಕಪೆರ್ನೌಮಿನಲ್ಲಿ ಸಂಜೆಯಾದಾಗ ಊರಿಗೆ ಊರೇ ರೋಗಿಗಳನ್ನು ಹೊತ್ತು ಬಾಗಿಲಲ್ಲಿ ನೆರೆದಿತ್ತು. ಯೇಸುಸ್ವಾಮಿ ಅನೇಕರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥನೆಗೆ ಕುಳಿತರು. ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಊರವರೆಲ್ಲ ಅರಸುತ್ತಿದ್ದಾರೆಂದು ತಿಳಿಸಿದರು. ಅವರು ಆ ಊರಿಗೆ ಮರಳದೆ ಬೇರೆ ಊರುಗಳತ್ತ ಹೊರಟರು. ಅರಸುತ್ತಿದ್ದವರು ನಿಜವಾದ ರೋಗಿಗಳು, ಅವರ ಅಗತ್ಯ ನಿಜವಾದದ್ದು. ಆದರೂ ಮುಂಜಾನೆಯ ಆ ಹೊತ್ತನ್ನು ಅವರು ಬಿಟ್ಟುಕೊಡಲಿಲ್ಲ. ನಮ್ಮನ್ನು ಅರಸುವುದೋ, ಯಾರದೋ ಹುಟ್ಟುಹಬ್ಬದ ಶುಭಾಶಯ!

ಯಂತ್ರವನ್ನು ಬೈದು ಮುಗಿಸುವುದು ನ್ಯಾಯವಲ್ಲ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಗಡಿಯ ಇತರ ರಸ್ತೆಗಳಿಗೂ ಮಣ್ಣು ಬಿದ್ದು, ಇಗರ್ಜಿಗಳ ಬಾಗಿಲು ಹಾಕಿದಾಗ ಮನೆಯೊಳಗೆ ಬಲಿಪೂಜೆಯನ್ನು ತಂದುಕೊಟ್ಟದ್ದು ಇದೇ ಮೊಬೈಲ್. ಆ ವರ್ಷ ಏಪ್ರಿಲ್ 12ರ ಈಸ್ಟರನ್ನು ಕೈಯಗಲದ ಪರದೆಯ ಸುತ್ತ ಕುಳಿತು ಆಚರಿಸಿದ ಮನೆಗಳು ಅದನ್ನು ಮರೆಯಲಾರವು. ಗಲ್ಫಿನಲ್ಲಿ ದುಡಿಯುವ ತಂದೆ ಸಂಜೆಯ ಹೊತ್ತಿಗೆ ಕರೆ ಮಾಡಿ ಅಲ್ಲಿಂದಲೇ ಜಪಮಾಲೆಗೆ ದನಿಗೂಡಿಸುವುದಾದರೆ ನಮ್ಮ ಆಕ್ಷೇಪವಿಲ್ಲ; ಅದು ಶ್ಲಾಘನೀಯವೇ. ಆಕ್ಷೇಪವಿರುವುದು, ರೋಗ ಹೋದ ಮೇಲೂ ಹಾಸಿಗೆಯಲ್ಲಿ ಮಲಗಿ ಪೂಜೆ ನೋಡುವ ಅಭ್ಯಾಸ ಉಳಿದುಹೋದುದಕ್ಕೆ. ಧರ್ಮಗುರುಗಳೂ ಸಭಾಪಾಲಕರೂ ಸ್ವಲ್ಪ ಆಲೋಚಿಸಲಿ. ಮುಂಜಾನೆ ವಾಟ್ಸಪ್ಪಿನಲ್ಲಿ ಹೂವಿನ ಚಿತ್ರದೊಂದಿಗೆ ವಾಕ್ಯ ಕಳುಹಿಸಿದರೆ ಕರ್ತವ್ಯ ತೀರಿತೇ? ಅದನ್ನು ಓದಿದವರಿಗಿಂತ ಮುಂದಕ್ಕೆ ದಾಟಿಸಿದವರೇ ಹೆಚ್ಚು.

ಇನ್ನು, ಪತ್ರಿಕೆಗೇಕೆ ಎಂಬ ಪ್ರಶ್ನೆಗೆ ಉತ್ತರ. ತರಗತಿಯಲ್ಲಿ ನಿತ್ಯ ಮಕ್ಕಳನ್ನು ಕಾಣುವ ನಮಗೆ ತಿಳಿದಿರುವ ಸಂಗತಿಯೊಂದಿದೆ: ಅರ್ಥವಾಗದ ಪಾಠದಲ್ಲಿ ಮಗುವಿನ ಮನಸ್ಸು ನಿಲ್ಲದು. ಪ್ರಾರ್ಥನೆಯಲ್ಲೂ ಹಾಗೆಯೇ. ಮಂಗಳೂರು-ಕಾಸರಗೋಡು ಸೀಮೆಯ ಕೊಂಕಣಿ ಕ್ರೈಸ್ತರು ತಮ್ಮ ಮನೆಮಾತನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆ ಆ ಲಿಪಿಯದು. ಪ್ರಾರ್ಥನೆಯ ಪುಸ್ತಕ, ಗೀತೆಗಳ ಪುಸ್ತಕ ಆ ಲಿಪಿಯವು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಬಳಿಕ ಬೆಳೆದ ಸಭೆಗಳಿಗಂತೂ ಬೈಬಲೂ ಸಂಗೀತಗಳೂ ಕನ್ನಡದಲ್ಲೇ. ಇಂಗ್ಲಿಷ್ ಮಾಧ್ಯಮಕ್ಕೋ ಮಲಯಾಳ ಮಾಧ್ಯಮಕ್ಕೋ ಸೇರಿ ಕನ್ನಡದ ಅಕ್ಷರ ಕಲಿಯದ ಮಗು ಕನ್ನಡವೊಂದನ್ನೇ ಕಳೆದುಕೊಳ್ಳುವುದಲ್ಲ. ಮನೆಯ ಪ್ರಾರ್ಥನೆಯ ಪುಸ್ತಕವೂ ಅದರ ಪಾಲಿಗೆ ಮುಚ್ಚಿಹೋಗುತ್ತದೆ. ಸದ್ಯಕ್ಕೆ ಅಜ್ಜಿಗೆ ಎಲ್ಲವೂ ಬಾಯಿಪಾಠ. ಅವರು ನಡೆಸಿಕೊಡುತ್ತಾರೆ, ಮೊಮ್ಮಗ ಅರ್ಥವಾಗದೆ ತುಟಿಯಾಡಿಸುತ್ತಾನೆ, ಮನಸ್ಸು ಪಕ್ಕದ ಕೋಣೆಯಲ್ಲಿ ಚಾರ್ಜಿಗಿಟ್ಟ ಮೊಬೈಲಿನ ಬಳಿ. ತಪ್ಪು ಪೂರ್ತಿ ಅವನದಲ್ಲ. ಅಜ್ಜಿಯ ನಂತರ ಆ ಮನೆಯಲ್ಲಿ ಜಪಮಾಲೆಯನ್ನು ಆರಂಭಿಸುವವರು ಯಾರು?

ದೇವರಿಗೆ ಇಂಗ್ಲಿಷ್ ಬಾರದೇ ಎಂದು ನಗುವವರುಂಟು. ದೇವರಿಗೆ ಬರುತ್ತದೆ, ಅಜ್ಜಿಗೆ ಬರುವುದಿಲ್ಲ. ಒಂದೇ ಮನೆಯಲ್ಲಿ ಮೂವರು ಮೂರು ಭಾಷೆಯಲ್ಲಿ, ಮೂರು ಪರದೆಗಳಲ್ಲಿ ಪ್ರಾರ್ಥಿಸಿದರೆ ಪ್ರಾರ್ಥನೆ ನಡೆದೀತು, ಮನೆಯ ಪ್ರಾರ್ಥನೆಯಾಗದು. ಶಿಲುಬೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದವರು ಕ್ರೈಸ್ತರಲ್ಲ, ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಅವರ ಮನೆಮಾತೂ ಕೊಂಕಣಿಯೇ. ಅಂಥ ಕಾವ್ಯ ಹುಟ್ಟಿದ ನೆಲದಲ್ಲಿ ಕ್ರೈಸ್ತ ಮನೆಯ ಮಗುವೇ ಅದರ ಒಂದು ಪುಟವನ್ನು ಓದಲಾರದೆಂದರೆ ಖೇದಕರ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಈ 40 ದಿನ, ಸಂಜೆಯ ಗಂಟೆ ಬಾರಿಸಿದ ಕೂಡಲೇ ಮನೆಯ ಎಲ್ಲ ಮೊಬೈಲುಗಳೂ ಅಡುಗೆಕೋಣೆಯ ಕಪಾಟು ಸೇರಲಿ. ಮೊದಲು ಇಡಬೇಕಾದವನು ಯಜಮಾನ. ಮಕ್ಕಳಿಂದ ಆರಂಭಿಸಿದರೆ ನಡೆಯದು. ವಾಡಿಕೆಯ ಪ್ರಾರ್ಥನೆಯ ಜೊತೆಗೆ ಮಾರ್ಕನ ಸುವಾರ್ತೆಯ ಅರ್ಧ ಅಧ್ಯಾಯವನ್ನು ಮನೆಯ ಅತಿ ಕಿರಿಯನೇ ಗಟ್ಟಿಯಾಗಿ ಓದಲಿ. ಅಕ್ಷರ ಬಾರದಿದ್ದರೆ ಹಿರಿಯರು ಪಕ್ಕದಲ್ಲಿ ಕುಳಿತು ಬೆರಳಿಟ್ಟು ಓದಿಸಲಿ, ತಡವರಿಸಿದರೆ ಯಾರೂ ನಗುವುದು ಬೇಡ. ಮಾರ್ಕನದು 16 ಅಧ್ಯಾಯ, ಹೀಗೆ ಓದಿದರೆ 32 ದಿನಗಳಲ್ಲಿ ಮುಗಿಯುತ್ತದೆ. ಉಳಿದ 8 ದಿನಗಳನ್ನು ತಪ್ಪಿಹೋದ ದಿನಗಳ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು.