ಅಪರಾಧಿಯೂ ಕೋವಿಯೂ

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿಯು ಪ್ರಜೆಗೆ ಕೋವಿಯಿಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆದರೆ ಒಂದು ವರ್ಷಕ್ಕೆ ಮೀರಿದ ಸೆರೆವಾಸ ವಿಧಿಸಬಹುದಾದ ಅಪರಾಧ ಮಾಡಿದವನಿಗೆ ಅಲ್ಲಿಯ ಕೇಂದ್ರ ಕಾನೂನು ಸಾಮಾನ್ಯವಾಗಿ ಬದುಕಿರುವತನಕ ಕೋವಿಯನ್ನು ನಿಷೇಧಿಸುತ್ತದೆ. 1995ರಲ್ಲಿ ಪೆನ್ಸಿಲ್ವೇನಿಯದವನೊಬ್ಬನು ಸರ್ಕಾರದ ಆಹಾರ ಸಹಾಯಕ್ಕಾಗಿ ತನ್ನ ವರಮಾನವನ್ನು ಮರೆಮಾಚಿ ತಪ್ಪಿತಸ್ಥನೆನಿಸಿದನು. ಸೆರೆಮನೆ ಕಾಣದಿದ್ದರೂ ಕೋವಿಯ ಹಕ್ಕನ್ನು ಕಳೆದುಕೊಂಡನು. ಈ ನಿಷೇಧವು ಅವನ ಮಟ್ಟಿಗೆ ಸಂವಿಧಾನವಿರುದ್ಧವೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು 2023ರಲ್ಲಿಯೂ 2024ರಲ್ಲಿಯೂ ತೀರ್ಪಿತ್ತಿತು. ಒಂದೊಂದು ಅಪರಾಧವನ್ನೂ ಪ್ರತ್ಯೇಕವಾಗಿ ತೂಗಬೇಕಾಗಿಲ್ಲವೆಂಬುದು ಬೇರೆ ಕೆಲವು ನ್ಯಾಯಾಲಯಗಳ ಮತ.

ಹಿಂಸಾಚಾರಿಯ ಕೈಗೆ ಕೋವಿ ಸಿಗಬಾರದೆಂಬುದು ನಿರ್ವಿವಾದ. ಆದರೆ ಸುಳ್ಳು ಅರ್ಜಿ ಕೊಟ್ಟವನನ್ನೂ ಕೊಲೆಗಾರನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ನ್ಯಾಯವೆ? ತೂಗುವುದು ಕಷ್ಟವೆಂದು ತಕ್ಕಡಿಯನ್ನೇ ಕೆಳಗಿಡುವುದು ನ್ಯಾಯಾಧೀಶನಿಗೆ ಭೂಷಣವಲ್ಲ. ಹಕ್ಕನ್ನು ಕಸಿಯಲು ಅಪರಾಧಿಯೆಂಬ ಹೆಸರೊಂದೇ ಸಾಲದು. ಅವನಿಂದ ಅಪಾಯವುಂಟೆಂಬುದು ಸಿದ್ಧವಾಗಬೇಕು.